ಮಾಡಿ ತೋರಿಸಿ ಮಾರುವ ಯಂತ್ರ

ಬಟ್ಟೆಯನ್ನು ಬೆರಳುಗಳ ನಡುವೆ ತೀಡಿ ನೋಡಿ ಕೊಳ್ಳಬಹುದು, ಪಾತ್ರೆಯನ್ನು ಬಡಿದು ಅದರ ನಾದವನ್ನು ಕೇಳಿ ಕೊಳ್ಳಬಹುದು. ಆದರೆ ಕ್ಯಾಮೆರಾವೆಂಬ ಯಂತ್ರವನ್ನು ಗಾಜಿನ ಕಪಾಟಿನ ಈಚೆಯಿಂದ ಎಷ್ಟು ಹೊತ್ತು ದಿಟ್ಟಿಸಿದರೂ ಅದರ ಗುಣಾವಗುಣಗಳು ಗೋಚರವಾಗುವಂತಿಲ್ಲ. ಅದರ ಯೋಗ್ಯತೆಯೆಲ್ಲ ಅದು ತೆಗೆದ ಚಿತ್ರದಲ್ಲಿದೆ. ಚಿತ್ರ ತೆಗೆಯದ ಹೊರತು ಅದೊಂದು ಕರಿಯ ಪೆಟ್ಟಿಗೆ ಮಾತ್ರ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕ್ಯಾಮೆರಾ ಅಂಗಡಿಗಳಲ್ಲಿ, ಹೊಸ ಮಿರರ್‌ಲೆಸ್ ಕ್ಯಾಮೆರಾ ಬಂದಾಗ, ಕಂಪನಿಯ ಪ್ರತಿನಿಧಿಗಳು ಬಂದು ಗಿರಾಕಿಗಳ ಕೈಗೇ ಯಂತ್ರವನ್ನಿತ್ತು ‘ಡೆಮೊ’ ನಡೆಸುವ ವಾಡಿಕೆಯನ್ನು ಕಂಡವರು ಇದನ್ನು ಈ ಕಾಲದ ವ್ಯಾಪಾರತಂತ್ರವೆಂದು ಭಾವಿಸುವುದು ಸಹಜವೇ. ವಾಸ್ತವವಾಗಿ ಈ ವಾಡಿಕೆ ಛಾಯಾಗ್ರಹಣದಷ್ಟೇ ಹಳೆಯದು.

1839ನೆಯ ಇಸವಿಯ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ, ವಿಜ್ಞಾನ ಅಕಾಡೆಮಿಯೂ ಲಲಿತಕಲಾ ಅಕಾಡೆಮಿಯೂ ಕೂಡಿ ನಡೆಸಿದ ಸಭೆಯೊಂದರಲ್ಲಿ, ಖಗೋಳಜ್ಞನಾದ ಅರಾಗೊ ಎಂಬಾತನು, ಡಾಗೇರನೆಂಬವನು ಸಾಧಿಸಿದ್ದ ಚಿತ್ರ ಮೂಡಿಸುವ ವಿದ್ಯೆಯ ರಹಸ್ಯವನ್ನು ಲೋಕಕ್ಕೆ ಅರುಹಿದನು. ಫ್ರಾನ್ಸಿನ ಸರ್ಕಾರವು ಡಾಗೇರನಿಗೆ ವರ್ಷಕ್ಕೆ 6000 ಫ್ರಾಂಕುಗಳನ್ನೂ, ಆತನ ಸಹಭಾಗಿಯಾಗಿದ್ದ ದಿವಂಗತ ನಿಯೆಪ್ಸನ ಮಗನಿಗೆ 4000 ಫ್ರಾಂಕುಗಳನ್ನೂ ವಿಶ್ರಾಂತಿವೇತನವಾಗಿ ಕೊಡುವುದೆಂದು ಒಪ್ಪಿ ಆ ವಿದ್ಯೆಯನ್ನು ಪಡೆದುಕೊಂಡಿದ್ದಿತು. ಸಭೆ ಮುಗಿಯುತ್ತಲೇ ಜನ ಕನ್ನಡಕ, ದುರ್ಬೀನು ಮಾರುವ ಅಂಗಡಿಗಳಿಗೆ ಮುಗಿಬಿದ್ದರು. ಆದರೆ ಅರಾಗೊ ಬಾಯಿಂದ ಹೇಳಿದ್ದನ್ನು ಕೇಳಿದ ಮಾತ್ರಕ್ಕೆ ಯಾರಿಗೂ ಚಿತ್ರ ಮೂಡಿಸುವುದು ಬರಲಿಲ್ಲ. ಆದುದರಿಂದ ಮುಂದಿನ ತಿಂಗಳಲ್ಲಿಯೇ ಡಾಗೇರನು ಸ್ವತಃ ಜನರೆದುರು ನಿಂತು ಕ್ರಿಯೆಯನ್ನು ಮೊದಲಿನಿಂದ ಕಡೆಯವರೆಗೆ ಮಾಡಿ ತೋರಿಸಬೇಕಾಯಿತು.

ಆ ಕ್ರಿಯೆಯಾದರೂ ಎಂಥದು! ಬೆಳ್ಳಿಯ ಲೇಪವಿದ್ದ ತಾಮ್ರದ ತಗಡನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಅಯೊಡೀನಿನ ಆವಿಗೆ ಹಿಡಿದು ಅದು ಹೊಂಬಣ್ಣಕ್ಕೆ ತಿರುಗಿದೊಡನೆ ತೆಗೆದು, ಬೆಳಕು ಸೋಕದಂತೆ ಪೆಟ್ಟಿಗೆಯೊಳಗಿಟ್ಟು, ಬಿಸಿಲಿಗೆ ಎದುರಾಗಿ ಹಲವು ನಿಮಿಷ ಮಸೂರದ ಮುಚ್ಚಳವನ್ನು ತೆರೆದಿಟ್ಟು, ಅನಂತರ ಸ್ಪಿರಿಟ್ ದೀಪದ ಮೇಲೆ ಕಾಯ್ದ ಪಾದರಸದ ಹಬೆಯನ್ನು ತಗಡಿಗೆ ತಾಗಿಸಿದಾಗ, ಅದುವರೆಗೆ ಏನೂ ಕಾಣದಿದ್ದ ಮೈಯಲ್ಲಿ ಎದುರುಬೀದಿಯ ಮನೆಗಳ ಮಾಡುಗಳೂ ಹೊಗೆಗೂಡುಗಳೂ ಒಂದೊಂದಾಗಿ ಮೂಡಿ ಬರುತ್ತಿದ್ದುವು. ಪಾದರಸದ ಹಬೆ ವಿಷವೆಂಬ ಎಚ್ಚರ ಅಂದಿನ ನೋಟಕರಿಗೆ ಅಷ್ಟಾಗಿ ಇದ್ದಂತೆ ತೋರುವುದಿಲ್ಲ. ಈ ಉಪಕರಣಗಳನ್ನು ಮಾಡಿ ಮಾರುವ ಹಕ್ಕು ಪಡೆದಿದ್ದವನು ಡಾಗೇರನ ಪತ್ನಿಯ ಬಂಧುವಾದ ಅಲ್ಫೋನ್ಸ್ ಜಿರೂ. ಪೆಟ್ಟಿಗೆ, ಮಸೂರ, ದೀಪ, ಔಷಧದ ಬಾಟಲಿಗಳು ಎಲ್ಲ ಸೇರಿ ಸುಮಾರು 50 ಕಿಲೋಗ್ರಾಂ ತೂಗುತ್ತಿದ್ದ ಆ ಸರಂಜಾಮಿಗೆ 400 ಫ್ರಾಂಕು ಬೆಲೆ. ಜೊತೆಗೆ, ಡಾಗೇರನ ಸಹಿಯಿಲ್ಲದ ಉಪಕರಣಕ್ಕೆ ಭರವಸೆಯಿಲ್ಲವೆಂದು ಸಾರುವ ಫಲಕವೊಂದು ಪೆಟ್ಟಿಗೆಯ ಪಕ್ಕದಲ್ಲಿ. ಕಂಪನಿಯ ಮುದ್ರೆಯನ್ನು ನೋಡಿ ಕೊಳ್ಳಿರೆಂದು ಇಂದಿನ ವ್ಯಾಪಾರಿಗಳು ಹೇಳುವ ಮಾತು ಅಂದೇ ಹುಟ್ಟಿದ್ದಿತು.

ಆ ಜಿರೂವಿನ ಪ್ರತಿನಿಧಿಯಾಗಿ ಫ್ರಾನ್ಸ್ವಾ ಗೂರೋ ಎಂಬವನು ಅದೇ ವರ್ಷದ ಕೊನೆಯಲ್ಲಿ ನ್ಯೂಯಾರ್ಕಿಗೆ ಹೋಗಿ, ಮೊದಲು ಸಿದ್ಧಚಿತ್ರಗಳನ್ನು ಪ್ರದರ್ಶಿಸಿ, ಬಳಿಕ ಉಪನ್ಯಾಸ ಮಾಡುತ್ತ ಕ್ರಿಯೆಯನ್ನು ತೋರಿಸಿ, ಉಪಕರಣಗಳನ್ನೂ ಮಾರಿದನು. 1840ರ ವಸಂತದಲ್ಲಿ ಬಾಸ್ಟನ್ನಿನಲ್ಲಿಯೂ ಇದೇ ಕಾರ್ಯ ನಡೆಯಿತು. ಇಂದು ಕಂಪನಿಯ ಅಂಗಿ ತೊಟ್ಟು ಊರಿಂದೂರಿಗೆ ಡೆಮೊ ಕೊಡುತ್ತ ತಿರುಗುವ ತರುಣರಿಗೆ ಈತನನ್ನು ಮೂಲಪುರುಷನೆನ್ನಲು ಅಡ್ಡಿಯಿಲ್ಲ. ಗೂರೋ ಮತ್ತು ಇಂದಿನವರ ನಡುವೆ ಒಂದು ಭೇದವುಂಟು: ಆತನ ಎದುರಿಗೆ ಕುಳಿತವರು ಕೊಳ್ಳಬಂದವರೂ ಹೌದು, ಶಿಷ್ಯರೂ ಹೌದು. ಕ್ರಿಯೆಯನ್ನು ಕಲಿಯದವನಿಗೆ ಆ ಪೆಟ್ಟಿಗೆ ನಿರರ್ಥಕವಾಗಿದ್ದುದರಿಂದ ಮಾರುವವನು ಗುರುವಾಗದೆ ವಿಧಿಯಿರಲಿಲ್ಲ.

ಭರತಖಂಡಕ್ಕೆ ಈ ವಿದ್ಯೆ ಬರಲು ತಡವಾಗಲಿಲ್ಲ. 1840ರ ಜನವರಿಯ ಹೊತ್ತಿಗಾಗಲೇ ಕಲ್ಕತ್ತೆಯ ಥ್ಯಾಕರ್ ಸ್ಪಿಂಕ್ ಕಂಪನಿ ಕ್ಯಾಮೆರಾಗಳಿಗೆ ಜಾಹೀರಾತು ಕೊಟ್ಟಿತ್ತು. ನಮ್ಮ ಬೆಂಗಳೂರಿಗೂ ಇದರಲ್ಲಿ ಹಿರಿಯ ಪಾಲುಂಟು. ಇಲ್ಲಿನ ದಂಡಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಅಧಿಕಾರಿ 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿ, 1855ರ ಮದರಾಸು ಪ್ರದರ್ಶನದಲ್ಲಿ ಮೊದಲ ದರ್ಜೆಯ ಪದಕವನ್ನು ಪಡೆದನು. ಬಳಿಕ ಬರ್ಮಾದೇಶದಲ್ಲಿ ತೆಗೆದ 120 ಚಿತ್ರಗಳನ್ನು ತಲಾ ಐವತ್ತು ಪ್ರತಿಗಳಂತೆ ಅಚ್ಚು ತೆಗೆಸಿದ್ದೂ ಬೆಂಗಳೂರಿನಲ್ಲಿಯೇ. ಹೊಯ್ಸಳ ಶಿಲ್ಪಿಗಳ ಕೆಲಸವನ್ನು ಪರಸ್ಥಳದ ವಿದ್ವಾಂಸರು ಕುಳಿತಲ್ಲಿಯೇ ನೋಡುವಂತಾದುದು ಇಂಥವರ ಶ್ರಮದಿಂದ.

1888ರಲ್ಲಿ ಈಸ್ಟ್‌ಮನ್ ಎಂಬವನ ಕೊಡಕ್ ಕ್ಯಾಮೆರಾ ಹೊರಬಂದಿತು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇದ್ದ ಗುರುಶಿಷ್ಯ ಸಂಬಂಧ ಅಂದಿಗೆ ಮುರಿಯಿತು. ನೂರು ಚಿತ್ರಗಳಿಗೆ ಸಾಲುವ ಸುರುಳಿಯನ್ನು ಮೊದಲೇ ತುಂಬಿ 25 ಡಾಲರಿಗೆ ಮಾರುತ್ತಿದ್ದ ಆ ಪೆಟ್ಟಿಗೆಯನ್ನು, ಚಿತ್ರಗಳು ಮುಗಿದೊಡನೆ, ಇಡಿಯಾಗಿ ಕಾರ್ಖಾನೆಗೆ ಕಳುಹಿಸಿದರೆ ಅವರೇ ತೊಳೆದು ಅಚ್ಚು ಹಾಕಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. ಅಂಗಡಿಯವನು ತೋರಿಸಬೇಕಾದದ್ದು ಗುಂಡಿಯೊಂದನ್ನೇ. ಸಾಮಾನ್ಯರ ಕೈಗೆ ಛಾಯಾಚಿತ್ರಕಲೆಯನ್ನಿತ್ತ ಈ ಉಪಕಾರವನ್ನು ಮರೆಯಬಾರದು. ಆದರೆ ಚಿತ್ರವು ಹೇಗೆ ಆಗುತ್ತದೆಂಬ ಕೌತುಕವನ್ನು ಕಾರ್ಖಾನೆಯ ಗೋಡೆಯಾಚೆಗೆ ಸಾಗಿಸಿದ್ದೂ ಅದೇ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಸ್ವಾತಂತ್ರ್ಯಾನಂತರದ ಕೆಲವು ದಶಕಗಳು ಕ್ಯಾಮೆರಾ ಪ್ರಿಯರಿಗೆ ಕ್ಷಾಮಕಾಲ. ಪರದೇಶದ ಸಾಮಗ್ರಿಯ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದುದರಿಂದ, ಒಳ್ಳೆಯ ಕ್ಯಾಮೆರಾ ಬರಬೇಕಾದರೆ ವಿಲಾಯತಿಯಿಂದ ಮರಳುವ ಬಂಧುವಿನ ಪೆಟ್ಟಿಗೆಯಲ್ಲಿ ಬರಬೇಕು, ಇಲ್ಲವೇ ಒಬ್ಬರು ಬಳಸಿ ಬಿಟ್ಟದ್ದು ಇನ್ನೊಬ್ಬರಿಗೆ ಸಿಗಬೇಕು. ಬರೋಡೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಮಧ್ಯಮ ವರ್ಗದ ಮನೆಗಳನ್ನು ಸೇರಿತು. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಫಿಲ್ಮನ್ನು ಒದಗಿಸಿತು. ಮಾರಲು ಸರಕೇ ಇಲ್ಲದ ಅಂಗಡಿಯವನು ಪ್ರಾತ್ಯಕ್ಷಿಕೆ ಕೊಡುವುದಾದರೂ ಯಾವುದನ್ನು? ಬೀಗ ಹಾಕಿದ ಕಪಾಟಿನಿಂದ ಯಂತ್ರವನ್ನು ತೆಗೆದು ಗಿರಾಕಿಯ ಮುಖಕ್ಕೆ ಹಿಡಿದು, ಆತ ಕೈ ಚಾಚುವಷ್ಟರಲ್ಲಿ ಒಳಗಿಡುತ್ತಿದ್ದನು. ಆ ಕಾಲದಲ್ಲಿ ಕಲಿಸುವ ಕೆಲಸವನ್ನು ಹೊತ್ತುಕೊಂಡುವು ಹವ್ಯಾಸಿಗಳ ಸಂಘಗಳು. ಡಾ. ಜಿ. ಥಾಮಸ್ ಮೊದಲಾದವರ ಉದ್ಯಮದಿಂದ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಸ್ಥಾಪಿತವಾಯಿತು. 1971ರಲ್ಲಿ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮುಂತಾದ ವನ್ಯಜೀವಿ ಛಾಯಾಗ್ರಾಹಕರ ಪರಂಪರೆ ಈ ನಗರದಲ್ಲಿ ಬೆಳೆದುದು ಅಂಥ ಕೊರತೆಯ ದಿನಗಳಲ್ಲಿಯೇ.

ಇನ್ನು ಮಿರರ್‌ಲೆಸ್ ಕ್ಯಾಮೆರಾ ಕೈಬಿಟ್ಟ ಕನ್ನಡಿಯ ವಿಚಾರ. ಮಸೂರವು ಕಾಣುವುದನ್ನೇ ಕಣ್ಣಿಗೂ ಕಾಣಿಸುವಂತೆ ಪೆಟ್ಟಿಗೆಯೊಳಗೆ ದರ್ಪಣವೊಂದನ್ನು ಓರೆಯಾಗಿ ನಿಲ್ಲಿಸುವ ಯೋಜನೆಗೆ ಥಾಮಸ್ ಸಟ್ಟನ್ ಎಂಬ ಆಂಗ್ಲೇಯನು 1861ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. 1936ರ ಕೀನೆ ಎಕ್ಸಾಕ್ಟಾ ಆ ತತ್ತ್ವವನ್ನು 35 ಮಿಲಿಮೀಟರ್ ಫಿಲ್ಮಿಗೆ ಅಳವಡಿಸಿತು. 1954ರಲ್ಲಿ ಜಪಾನಿನ ಅಸಾಹಿಫ್ಲೆಕ್ಸ್, ಚಿತ್ರ ತೆಗೆಯುವಾಗ ಮೇಲೆದ್ದ ಕನ್ನಡಿ ತತ್‌ಕ್ಷಣವೇ ಇಳಿಯುವಂತೆ ಮಾಡಿತು. 1959ರ ನೈಕಾನ್ ಎಫ್ ಪತ್ರಿಕೆಯವರ ಕೊರಳಿನ ಆಭರಣವೇ ಆಯಿತು. ಆದರೂ ಕನ್ನಡಿಯು ತೋರಿಸುತ್ತಿದ್ದುದು ದೃಶ್ಯವನ್ನು ಮಾತ್ರ. ಚಿತ್ರ ಹೇಗೆ ಬಂದೀತೆಂಬುದು ಛಾಯಾಗ್ರಾಹಕನ ಊಹೆಗೆ ಬಿಟ್ಟದ್ದು. 2008ರಲ್ಲಿ ಪ್ಯಾನಸೋನಿಕ್ಕಿನ ಜಿ1 ಕನ್ನಡಿಯನ್ನು ಕಿತ್ತೆಸೆದು, ಸೆನ್ಸರಿನ ಮೇಲೆ ಬಿದ್ದ ಬಿಂಬವನ್ನೇ ಕಿರುತೆರೆಯೊಂದರ ಮೂಲಕ ಕಣ್ಣಿಗೆ ಮುಟ್ಟಿಸಿತು. 2013ರಲ್ಲಿ ಸೋನಿ ಅದನ್ನು ಪೂರ್ಣಗಾತ್ರದ ಸೆನ್ಸರಿಗೆ ವಿಸ್ತರಿಸಿತು. 2018ರಲ್ಲಿ ನೈಕಾನ್, ಕ್ಯಾನನ್ ಸಂಸ್ಥೆಗಳೂ ಆ ಹಾದಿಗೆ ಬಂದುವು. ಅರ್ಧ ಶತಮಾನ ಕನ್ನಡಿಯನ್ನು ನಂಬಿದ ಕಣ್ಣುಗಳಿಗೆ ಈ ಕಿರುತೆರೆಯ ಮೇಲೆ ಸಂಶಯ ಹುಟ್ಟಿದುದು ಅಸಹಜವಲ್ಲ. ಸಂಶಯವಿದ್ದೆಡೆ ಪ್ರಾತ್ಯಕ್ಷಿಕೆ ಬೇಕಷ್ಟೆ; ಅಂಗಡಿಯಲ್ಲಿ ಕ್ಯಾಮೆರಾ ಕಪಾಟಿನಿಂದ ಮೇಜಿನ ಮೇಲಕ್ಕೆ ಬಂದುದು ಹೀಗೆ.

ಅಂಥದೊಂದು ಕಾರ್ಯಕ್ರಮಕ್ಕೆ ಹೋಗಿದ್ದೆನು. ಕಪ್ಪುಬಟ್ಟೆ ಹಾಸಿದ ಮೇಜಿನ ಮೇಲೆ ಉಕ್ಕಿನ ಎಳೆಯಿಂದ ಬಿಗಿದ ನಾಲ್ಕಾರು ಕ್ಯಾಮೆರಾಗಳು. ಕಾಫಿ ಹಂಚುತ್ತಿದ್ದ ಹುಡುಗಿಯ ಕಣ್ಣನ್ನು ಅವಳು ತಿರುಗಿದತ್ತ ಹಿಂಬಾಲಿಸುವ ಪುಟ್ಟ ಚೌಕವನ್ನು ತೆರೆಯ ಮೇಲೆ ನೋಡಿ ನೆರೆದವರೆಲ್ಲ ತಲೆದೂಗುತ್ತಿದ್ದರು. ಮದುವೆಮನೆಗಳಲ್ಲಿ ಕೂದಲು ಹಣ್ಣಾಗಿಸಿಕೊಂಡ ಛಾಯಾಗ್ರಾಹಕರೊಬ್ಬರು, “ಏನಪ್ಪಾ, ಬೆಳಿಗ್ಗೆ ಕಾಶೀಯಾತ್ರೆಯಿಂದ ಹಿಡಿದು ರಾತ್ರಿ ಆರತಕ್ಷತೆವರೆಗೂ ಈ ಬ್ಯಾಟರಿ ಬರುತ್ತಾ?” ಎಂದು ಕೇಳಿದರು. “ಎರಡು ಎಕ್ಸ್‌ಟ್ರಾ ಇಟ್ಕೊಂಡಿರಿ ಸಾರ್” ಎಂದನು ಪ್ರತಿನಿಧಿ. ಸೆನ್ಸರೂ ತೆರೆಯೂ ಸದಾ ಎಚ್ಚರದಲ್ಲಿರುವುದರಿಂದ ಈ ಯಂತ್ರಗಳಿಗೆ ವಿದ್ಯುತ್ತಿನ ಹಸಿವು ಹೆಚ್ಚು. ಪ್ರಶ್ನೆ ಮರ್ಮಕ್ಕೇ ತಗುಲಿತ್ತು. ಬಳಿಕ ಆತನು ನಿಶ್ಶಬ್ದ ಷಟರಿನ ಮಹಿಮೆಯನ್ನು ಬಣ್ಣಿಸಿ, ಮಾಂಗಲ್ಯಧಾರಣೆಯ ವೇಳೆ ಪುರೋಹಿತರ ಮಂತ್ರಕ್ಕೆ ಅಡ್ಡಿಯಾಗದೆಂದನು. ಹಿರಿಯರು ಮಾತನಾಡದೆ ಕ್ಯಾಮೆರಾವನ್ನು ಸೂರಿನಲ್ಲಿ ತಿರುಗುತ್ತಿದ್ದ ಫ್ಯಾನಿನತ್ತ ಎತ್ತಿ ಒಂದು ಚಿತ್ರ ತೆಗೆದರು. ರೆಕ್ಕೆಗಳು ಬಾಳೆಯ ಸುಳಿಯಂತೆ ಬಾಗಿ ಬಂದಿದ್ದುವು. ನಿಶ್ಶಬ್ದ ಷಟರಿನಲ್ಲಿ ಸೆನ್ಸರು ಬಿಂಬವನ್ನು ಒಂದೇ ಏಟಿಗೆ ಓದದೆ ಸಾಲುಸಾಲಾಗಿ ಓದುವುದರಿಂದ, ಓದಿ ಮುಗಿಸುವಷ್ಟರಲ್ಲಿ ವೇಗದ ವಸ್ತು ಸ್ಥಳ ಬದಲಿಸಿರುತ್ತದೆ. ಅದರ ಫಲ ಈ ವಕ್ರತೆ. ಆ ಓದನ್ನು ಬಹಳ ತ್ವರಿತಗೊಳಿಸಿದ ಕಾರಣ 2021ರ ನೈಕಾನ್ ಝಡ್9 ಯಾಂತ್ರಿಕ ಷಟರನ್ನೇ ಕೈಬಿಟ್ಟಿತು. ಅಗ್ಗದ ಯಂತ್ರಗಳಿಗೆ ಆ ಭಾಗ್ಯವಿಲ್ಲ. ಪ್ರತಿನಿಧಿಯ ಅರ್ಧ ಗಂಟೆಯ ಭಾಷಣಕ್ಕಿಂತ ಹಿರಿಯರ ಆ ಒಂದು ಚಿತ್ರ ಹೆಚ್ಚು ಕಲಿಸಿತೆಂದು ನಾನು ಹೇಳಬಲ್ಲೆ.

ಓದುಗರಲ್ಲಿ ಯಾರಾದರೂ ಇಂಥ ಪ್ರಾತ್ಯಕ್ಷಿಕೆಗೆ ಹೋಗುವುದಾದರೆ, ತಮ್ಮದೇ ಮೆಮೊರಿ ಕಾರ್ಡನ್ನೂ, ಹಳೆಯ ಲೆನ್ಸುಗಳಿದ್ದರೆ ಒಂದನ್ನೂ ಜೊತೆಗೆ ಒಯ್ಯಿರಿ. ಮಾರಾಟಕ್ಕೆ ಇನ್ನೂ ಬಾರದ ಮಾದರಿಗಳಲ್ಲಿ ಕಾರ್ಡು ಹಾಕಲು ಕೆಲವೊಮ್ಮೆ ಒಪ್ಪುವುದಿಲ್ಲ, ಆದರೂ ಕೇಳಿ ನೋಡಿ. ಅಂಗಡಿಯವರು ದೀಪ ಹಚ್ಚಿಟ್ಟ ಮೂಲೆಯನ್ನು ಬಿಟ್ಟು ಕತ್ತಲಿರುವ ಕಡೆ ಚಿತ್ರ ತೆಗೆಯಿರಿ, ಫ್ಯಾನಿನ ಕಡೆಗೂ ಒಮ್ಮೆ ತಿರುಗಿಸಿ. ಪ್ರವೇಶಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಕೊಂಡೇ ಹೋಗಬೇಕೆಂಬ ಕಟ್ಟುಪಾಡೂ ಇಲ್ಲ.