ಕೊಲೆಗಾರನೇ ಸಾಕ್ಷಿಯಾದಾಗ

ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ರಿಲ್ಲಿಂಗ್ಟನ್ ಪ್ಲೇಸ್ ಎಂಬ ಕಿರಿದಾದ ಬೀದಿಯಿತ್ತು. ಅದರ ತುದಿಯ 10ನೇ ನಂಬರಿನ ಮನೆಯ ಕೆಳಗಿನ ಭಾಗಕ್ಕೆ 1938ರಲ್ಲಿ ಜಾನ್ ಕ್ರಿಸ್ಟಿ ಹೆಂಡತಿಯೊಂದಿಗೆ ಬಾಡಿಗೆಗೆ ಬಂದ. ಬೋಳುತಲೆ, ಕನ್ನಡಕ, ಪಿಸುಗುಡುವಂಥ ದನಿ. ಕಳ್ಳತನ ಮಾಡಿ, ಹೆಂಗಸೊಬ್ಬಳಿಗೆ ಕ್ರಿಕೆಟ್ ಬ್ಯಾಟಿನಿಂದ ಹೊಡೆದು ಜೈಲು ಕಂಡು ಬಂದವನು. ಎರಡನೇ ಮಹಾಯುದ್ಧ ಶುರುವಾದಾಗ ಅವನನ್ನು ಮೀಸಲು ಪೊಲೀಸ್ ಪಡೆಗೆ ಸೇರಿಸಿಕೊಂಡರು. ಹಳೆಯ ದಾಖಲೆ ತೆಗೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

1943 ಮತ್ತು 1944ರಲ್ಲಿ ಅವನು ಇಬ್ಬರು ಹೆಂಗಸರನ್ನು ಕೊಂದು ಹಿತ್ತಲಿನಲ್ಲಿ ಹೂತ. ಅವರಲ್ಲೊಬ್ಬಳನ್ನು ಕೆಮ್ಮಿಗೆ ಮದ್ದು ಕೊಡುತ್ತೇನೆಂದು ನಂಬಿಸಿ ಕರೆತಂದು, ಅಡುಗೆಮನೆಯ ಗ್ಯಾಸ್ ಕುಡಿಸಿ ಪ್ರಜ್ಞೆ ತಪ್ಪಿಸಿ, ಕತ್ತು ಬಿಗಿದಿದ್ದ. ಆ ಕಾಲದಲ್ಲಿ ಅಡುಗೆಗೆ ಬಳಸುತ್ತಿದ್ದ ಕಲ್ಲಿದ್ದಲ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತಿತ್ತು.

1948ರಲ್ಲಿ ಮೇಲಿನ ಮಹಡಿಗೆ ತಿಮೋತಿ ಎವಾನ್ಸ್ ಎಂಬ ವೇಲ್ಸಿನ ಯುವಕ ಸಂಸಾರ ಸಮೇತ ಬಂದ. ಅವನು ವ್ಯಾನ್ ಓಡಿಸುತ್ತಿದ್ದ. ಓದು ಬರಹ ಅಷ್ಟಕ್ಕಷ್ಟೆ. ಮರುವರ್ಷ ನವೆಂಬರಿನಲ್ಲಿ ಅವನ ಹೆಂಡತಿಯೂ ವರ್ಷ ದಾಟಿದ ಹೆಣ್ಣುಮಗುವೂ ಕೊಲೆಯಾದರು. ಶವಗಳು ಹಿತ್ತಲ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕವು. ಗಾಬರಿಬಿದ್ದ ಎವಾನ್ಸ್ ಪೊಲೀಸರಿಗೆ ಒಂದೊಂದು ಸಲ ಒಂದೊಂದು ಕಥೆ ಹೇಳಿದ, ಕೊನೆಗೆ ತಪ್ಪೊಪ್ಪಿಗೆಯನ್ನೂ ಕೊಟ್ಟ. ಕೋರ್ಟಿನಲ್ಲಿ ಅದನ್ನು ಅಲ್ಲಗಳೆದು, ಕೊಂದವನು ಕ್ರಿಸ್ಟಿ ಎಂದ. ಯಾರೂ ನಂಬಲಿಲ್ಲ. ಸರ್ಕಾರದ ಪರ ಮುಖ್ಯ ಸಾಕ್ಷಿಯಾಗಿ ನಿಂತಿದ್ದವನು ಅದೇ ಕ್ರಿಸ್ಟಿ! ಜ್ಯೂರಿಗೆ ತೀರ್ಮಾನಿಸಲು ನಲವತ್ತು ನಿಮಿಷ ಸಾಕಾಯಿತು. 1950ರ ಮಾರ್ಚ್ 9ರಂದು ಪೆಂಟನ್‌ವಿಲ್ ಜೈಲಿನಲ್ಲಿ ಎವಾನ್ಸ್‌ನನ್ನು ಗಲ್ಲಿಗೇರಿಸಿದರು.

ಮನಸ್ಸಿಗೆ ನಾಟುವುದು ಇದು: ಪೊಲೀಸರು ಆ ಹಿತ್ತಲನ್ನು ಹುಡುಕಿದಾಗಲೇ ಅಲ್ಲಿನ ಬೇಲಿಗೆ ಆಸರೆಯಾಗಿ ನಿಂತಿದ್ದದ್ದು ಮನುಷ್ಯನ ತೊಡೆಯ ಮೂಳೆ. ಅದು ಅವರ ಕಣ್ಣಿಗೆ ಬೀಳಲಿಲ್ಲ. ಬಿದ್ದಿದ್ದರೆ ಎವಾನ್ಸ್ ಉಳಿಯುತ್ತಿದ್ದ. ಮುಂದೆ ಸತ್ತ ನಾಲ್ವರು ಹೆಂಗಸರೂ ಉಳಿಯುತ್ತಿದ್ದರು.

1952ರ ಡಿಸೆಂಬರಿನಲ್ಲಿ ಕ್ರಿಸ್ಟಿ ತನ್ನ ಹೆಂಡತಿಯನ್ನೇ ಕೊಂದು ನೆಲದ ಹಲಗೆಗಳಡಿ ಮುಚ್ಚಿದ. ಮುಂದಿನ ಕೆಲವೇ ವಾರಗಳಲ್ಲಿ ಇನ್ನೂ ಮೂವರು. 1953ರ ಮಾರ್ಚಿನಲ್ಲಿ ಅವನು ಮನೆ ಬಿಟ್ಟುಹೋದ ಮೇಲೆ ಇನ್ನೊಬ್ಬ ಬಾಡಿಗೆದಾರ ಅಡುಗೆಮನೆಯ ಗೋಡೆಯ ಕಾಗದ ಸುಲಿದಾಗ, ಹಿಂದಿನ ಗೂಡಿನಲ್ಲಿ ಆ ಮೂವರ ಶವಗಳಿದ್ದವು. ವಾರದಲ್ಲೇ ಸಿಕ್ಕಿಬಿದ್ದ ಕ್ರಿಸ್ಟಿ, ಎವಾನ್ಸ್‌ನ ಹೆಂಡತಿಯನ್ನು ಕೊಂದದ್ದನ್ನೂ ಒಪ್ಪಿಕೊಂಡ. ಮಗುವಿನ ಕೊಲೆಯನ್ನು ಮಾತ್ರ ಒಪ್ಪಲಿಲ್ಲ. ಎವಾನ್ಸ್‌ಗೆ ಶಿಕ್ಷೆಯಾಗಿದ್ದದ್ದು ಆ ಮಗುವಿನ ಕೊಲೆಗೇ. ಜುಲೈ 15ರಂದು ಅದೇ ಜೈಲಿನಲ್ಲಿ, ಎವಾನ್ಸ್‌ಗೆ ನೇಣು ಬಿಗಿದಿದ್ದ ಆಲ್ಬರ್ಟ್ ಪಿಯರ್‌ಪಾಯಿಂಟ್‌ನೇ ಕ್ರಿಸ್ಟಿಗೂ ಬಿಗಿದ.

ಒಂದೇ ಮನೆಯಲ್ಲಿ ಕತ್ತು ಬಿಗಿದು ಕೊಲ್ಲುವ ಇಬ್ಬರು ಬೇರೆಬೇರೆ ಕೊಲೆಗಾರರಿದ್ದರೇ? ಅವಸರದಲ್ಲಿ ಮುಗಿಸಿದ ಸರ್ಕಾರಿ ವಿಚಾರಣೆಯೊಂದು 1953ರಲ್ಲಿ ಹೌದು ಎಂದೇ ವರದಿ ಕೊಟ್ಟಿತು. ಅದನ್ನು ಒಪ್ಪದವರು ಸುಮ್ಮನಾಗಲಿಲ್ಲ. 1961ರಲ್ಲಿ ಬಂದ ಲುಡೊವಿಕ್ ಕೆನಡಿಯ ಪುಸ್ತಕ ಪ್ರಕರಣವನ್ನು ಎಳೆಎಳೆಯಾಗಿ ಬಿಡಿಸಿತು. 1950ರಲ್ಲಿ ಗೃಹಮಂತ್ರಿಯಾಗಿ ಕ್ಷಮಾದಾನ ನಿರಾಕರಿಸಿದ್ದ ಚೂಟರ್ ಈಡ್ ಮುಂದೆ ಮರಣದಂಡನೆಯ ವಿರುದ್ಧವೇ ನಿಂತರು. 1965ರಲ್ಲಿ ಬ್ರಿಟನ್ ಕೊಲೆ ಅಪರಾಧಕ್ಕೆ ಗಲ್ಲು ಶಿಕ್ಷೆಯನ್ನು ತಡೆಹಿಡಿಯಿತು, 1969ರಲ್ಲಿ ಕಾಯಂ ಆಗಿ ಕೈಬಿಟ್ಟಿತು. ಈ ನಡುವೆ, 1966ರಲ್ಲಿ, ಸತ್ತು ಹದಿನಾರು ವರ್ಷವಾಗಿದ್ದ ಎವಾನ್ಸ್‌ಗೆ ರಾಣಿಯ ಕ್ಷಮಾದಾನ ಸಿಕ್ಕಿತು.

ತೀರ್ಪನ್ನೇ ರದ್ದು ಮಾಡಿಸಬೇಕೆಂದು ಅವನ ಮನೆಯವರು ಹೋರಾಟ ಮುಂದುವರಿಸಿದರು. 2004ರಲ್ಲಿ ಲಂಡನ್ನಿನ ಹೈಕೋರ್ಟ್ ಅವನು ನಿರಪರಾಧಿ ಎಂಬುದನ್ನು ಒಪ್ಪಿತು. ಆದರೆ ಅದಕ್ಕಾಗಿ ಮತ್ತೆ ಮೇಲ್ಮನವಿ ನಡೆಸುವ ಖರ್ಚು ಬೇಡವೆಂದು ಅರ್ಜಿಯನ್ನು ತಳ್ಳಿಹಾಕಿತು.