ಗಂಧರ್ವರ ಸಾಲ, ಮುತ್ಯಾನ ವನ್ಸ್ ಮೋರ್

ಹುಮನಾಬಾದಿಗೆ ರೈಲು ಬಂದದ್ದು 2017ರ ಅಕ್ಟೋಬರಿನಲ್ಲಿ. ನಾಟಕದ ಕಥೆ ಹೇಳಲು ಕೂತವನು ರೈಲಿನಿಂದ ಶುರು ಮಾಡುವುದಕ್ಕೆ ಕಾರಣವಿದೆ. ಹಿಂದಿನ ದೊಡ್ಡ ನಾಟಕ ಕಂಪನಿಗಳು ಹಳಿ ಇದ್ದ ಊರಿಗೇ ಹೋಗುತ್ತಿದ್ದವು. ಪರದೆ, ಸೀನರಿ, ಆಭರಣದ ಪೆಟ್ಟಿಗೆ, ಅಡಿಗೆಯ ಹಂಡೆ, ಅದರ ಹಿಂದೆ ನಟರು, ಸಾಜಿನವರು, ಅವರ ಹೆಂಡತಿ ಮಕ್ಕಳು. ಇಷ್ಟನ್ನೂ ಬಂಡಿಗೆ ಹೇರಿ ಬೀದರ್ ಸೀಮೆಯ ದಾರಿ ಹಿಡಿಯುವಷ್ಟು ಧೈರ್ಯ ಯಾವ ಮಾಲೀಕನಿಗಿತ್ತು? ವೀರಭದ್ರೇಶ್ವರ ಜಾತ್ರೆಗೆ ಸಣ್ಣ ಮೇಳಗಳು ಬರುತ್ತಿದ್ದವು, ಬಯಲಾಟ ಆಗುತ್ತಿತ್ತು. ದೊಡ್ಡ ಕಂಪನಿ ನೋಡಬೇಕೆಂದರೆ ಕಲಬುರ್ಗಿಗೆ ಹೋಗಬೇಕು, ಇಲ್ಲವೇ ಸೊಲ್ಲಾಪುರಕ್ಕೆ.

ನಮ್ಮ ಮುತ್ಯಾ ಸೊಲ್ಲಾಪುರಕ್ಕೆ ಹೋಗುತ್ತಿದ್ದ. ಬಸವಕಲ್ಯಾಣದಲ್ಲಿ ಅವನದು ಅರಿವೆ ಅಂಗಡಿ. ಆಗ ಊರಿಗೆ ಬರೀ ಕಲ್ಯಾಣಿ ಅನ್ನುತ್ತಿದ್ದರು, ನವಾಬರ ಜಹಗೀರು. ಸೊಲ್ಲಾಪುರ ಇಂಗ್ರೇಜರ ಮುಲುಕು. ಅಲ್ಲಿ ನಿಜಾಮನ ಹಾಲಿ ಸಿಕ್ಕಾ ನಡೆಯುವುದಿಲ್ಲ, ವಟ್ಟ ಕೊಟ್ಟು ಕಲದಾರ್ ರೂಪಾಯಿ ಮಾಡಿಸಿಕೊಳ್ಳಬೇಕು. ಬರುವಾಗ ಕರೋಡಗಿರಿ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಿ ಸುಂಕ ಕಟ್ಟಬೇಕು. ಮುತ್ಯಾ ಸೀರೆ ತರಲು ಹೋದವನು ಕೆಲವು ಸಲ ಅರ್ಧ ಗಂಟು ಸೀರೆ ಮಾತ್ರ ತರುತ್ತಿದ್ದ. ಉಳಿದ ಕಲದಾರ್ ಎಲ್ಲಿ ಹೋಯಿತೆಂದು ನಮ್ಮ ಆಯಿ ಕೇಳಬೇಕಾಗಿಯೇ ಇರಲಿಲ್ಲ. ಸೊಲ್ಲಾಪುರದಲ್ಲಿ ಗಂಧರ್ವ ನಾಟಕ ಮಂಡಳಿಯ ಮುಕ್ಕಾಮು ಇತ್ತೆಂದು ಅವನ ಗುನುಗಿನಿಂದಲೇ ಗೊತ್ತಾಗುತ್ತಿತ್ತು.

ಆ ಮಂಡಳಿಯ ಒಡೆಯ ಬಾಲಗಂಧರ್ವ, ಅಂದರೆ ನಾರಾಯಣ ಶ್ರೀಪಾದ ರಾಜಹಂಸ. 1888ರಲ್ಲಿ ಹುಟ್ಟಿದವರು. ಕಿರ್ಲೋಸ್ಕರ್ ಮಂಡಳಿ ಬಿಟ್ಟು ಗಣೇಶರಾವ್ ಬೋಡಸ್, ಗೋವಿಂದರಾವ್ ಟೆಂಬೆ ಜೊತೆ ಸೇರಿ 1913ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಇಂಥ ವಿಚಿತ್ರ ಕಂಪನಿಯನ್ನು ಯಾವ ಲೆಕ್ಕಿಗನೂ ಒಪ್ಪಲಾರ. ಪರದೆ ಮಖಮಲ್ಲಿನದು. ಪ್ರೇಕ್ಷಕರ ಮೇಲೆ ಅತ್ತರು. ತಬಲಾಕ್ಕೆ ಅಹಮದ್‌ಜಾನ್ ತಿರಕವಾ, ಸಾರಂಗಿಗೆ ಕಾದರ್ ಬಕ್ಷ್. ಸಂಸ್ಥಾನಿಕರ ದರಬಾರಿನಲ್ಲಿ ಕೂತು ಕೇಳಬೇಕಾದ ಕೈಗಳು ಇಲ್ಲಿ ರಂಗದ ಮುಂದೆ ಸಾಥ್ ಕೊಡುತ್ತಿದ್ದವು. ಗಂಡಸಾದ ಬಾಲಗಂಧರ್ವರೇ ರುಕ್ಮಿಣಿಯಾಗಿ ಒಂಬತ್ತು ಗಜದ ಸೀರೆ ಉಟ್ಟು ಬಂದರೆ, ಮರುದಿನ ಪೇಟೆಯಲ್ಲಿ ಹೆಂಗಸರು ಅದೇ ಸೀರೆ, ಅದೇ ಹೆರಳು, ಅದೇ ಗಜರೆ ಕೇಳುತ್ತಿದ್ದರು. ಮುತ್ಯಾನ ಅಂಗಡಿಗೆ ಇದರಿಂದ ಲಾಭವೂ ಆಗಿರಬೇಕು. ಅದನ್ನು ಅವನು ಎಂದೂ ಒಪ್ಪಲಿಲ್ಲ.

ಆಟ ರಾತ್ರಿ ಶುರುವಾದರೆ ಮುಗಿಯುವ ಹೊತ್ತು ಕಂಪನಿಯ ಕೈಯಲ್ಲಿ ಇರಲಿಲ್ಲ, ಜನರ ಕೈಯಲ್ಲಿತ್ತು. ಒಂದು ಪದ ಮುಗಿದ ಕೂಡಲೇ ‘ವನ್ಸ್ ಮೋರ್’. ಹಾಡಿದರೆ ಮತ್ತೆ ‘ವನ್ಸ್ ಮೋರ್’. ಕಥೆಯಲ್ಲಿ ಅಳುತ್ತ ಒಳಗೆ ಹೋದವಳು ನಗುತ್ತ ಹೊರಗೆ ಬಂದು ಅದೇ ಪದವನ್ನು ಬೇರೆ ಬೇರೆ ತಾನು ಹಾಕಿ ಹಾಡುವಳು, ಎದುರಿಗಿದ್ದ ಕೃಷ್ಣ ಪಾಪ, ಕಿರೀಟ ಹೊತ್ತು ಸುಮ್ಮನೆ ನಿಂತಿರುವನು. ಪ್ರೇಕ್ಷಕರನ್ನು ‘ಮಾಯಬಾಪ’ ಎಂದು ಕರೆದು ಕೈಮುಗಿಯುವ ಮನುಷ್ಯ ಅವರಿಗೆ ಇಲ್ಲ ಅನ್ನುವುದುಂಟೆ? ನಾಟಕ ಕೆಟ್ಟಿತು, ಹಾಡು ಗೆದ್ದಿತು ಎಂದು ಆಗಲೇ ತಿಳಿದವರು ಗೊಣಗಿದರು. ನನಗೂ ಅವರ ಮಾತು ನಿಜ ಅನಿಸುತ್ತದೆ. ಆದರೆ ಮುತ್ಯಾನ ಮುಂದೆ ಈ ಮಾತು ಎತ್ತುವಂತಿರಲಿಲ್ಲ. “ಕಥಿ ನಮಗ ಗೊತ್ತಿಲ್ಲೇನ? ರುಕ್ಮಿಣಿ ಲಗ್ನ ಆಗೇ ಆಗ್ತದ. ಅವಸರ ಯಾಕ?” ಅನ್ನುತ್ತಿದ್ದ.

1911ರಲ್ಲಿ ನಾಟಕಕಾರ ಖಾಡಿಲ್ಕರರ ‘ಮಾನಾಪಮಾನ’ದ ಮೊದಲ ಪ್ರಯೋಗದ ದಿನ ಬಾಲಗಂಧರ್ವರ ಹಸುಗೂಸು ಮಗಳು ತೀರಿಕೊಂಡಳು. ಜನ ಬಂದು ಕೂತಿದ್ದಾರೆಂದು ಅವರು ಬಣ್ಣ ಹಚ್ಚಿ ಆಡಿದರು. ಇದನ್ನು ಹೇಳುವಾಗ ಮುತ್ಯಾನ ಕಣ್ಣು ತುಂಬುತ್ತಿತ್ತು. ಆಯಿ ಮಾತ್ರ ಆ ಮಗುವಿನ ತಾಯಿಯ ಬಗ್ಗೆ ಕೇಳುತ್ತಿದ್ದಳು.

ಮರಾಠಿ ನಾಟಕಕ್ಕೆ ಕಲ್ಯಾಣಿಯ ಕನ್ನಡದವನೊಬ್ಬ ಇಷ್ಟು ಮರುಳಾದದ್ದು ಈಗಿನವರಿಗೆ ಸೋಜಿಗ. ಗಡಿ ಸೀಮೆಯ ಕಿವಿ ಹಾಗೆ. ಬಸವಕಲ್ಯಾಣದ ಹತ್ತಿರ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಹುಮನಾಬಾದಿನ ಬಳಿ ನೆಲೆಸಿದ ಮಾಣಿಕ ಪ್ರಭುಗಳು ಮರಾಠಿ, ಕನ್ನಡ, ಹಿಂದಿ ಎಲ್ಲದರಲ್ಲೂ ಪದ ಕಟ್ಟಿದರು. ಮಾಣಿಕನಗರದ ದತ್ತ ಜಯಂತಿ ದರಬಾರಿನಲ್ಲಿ ಹಾಡಲು ದೊಡ್ಡ ದೊಡ್ಡ ಗವಾಯಿಗಳು ಬರುತ್ತಿದ್ದರು. ಮನೆಯಲ್ಲಿ ಕನ್ನಡ, ಭಜನೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ರಾಗ ಯಾವ ಭಾಷೆಯದೆಂದು ಕೇಳುವ ರೂಢಿಯೇ ಇರಲಿಲ್ಲ.

ಮೇಲಾಗಿ ಆ ಮರಾಠಿ ನಾಟಕದ ಬೇರು ಎಲ್ಲಿಯದು? 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗಲಿಗೆ ಹೋಗಿ ಆಡಿತು. ಅದನ್ನು ನೋಡಿದ ಪಟವರ್ಧನ ದೊರೆ ತನ್ನ ಆಶ್ರಿತ ವಿಷ್ಣುದಾಸ ಭಾವೆಯಿಂದ ಮಾರನೆಯ ವರ್ಷ ‘ಸೀತಾ ಸ್ವಯಂವರ’ ಆಡಿಸಿದ. 1880ರಲ್ಲಿ ‘ಸಂಗೀತ ಶಾಕುಂತಲ’ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬಾಲಗಂಧರ್ವರ ಸರಿಸಮಾನ ಪ್ರತಿಸ್ಪರ್ಧಿ ಕೇಶವರಾವ್ ಭೋಸಲೆ ತನ್ನ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಶುರು ಮಾಡಿದ್ದು ಹುಬ್ಬಳ್ಳಿಯಲ್ಲಿ. ಇವರಿಗೂ ಮೊದಲೇ ಬಂದ ಮರಾಠಿ ಕಂಪನಿಗಳು ನಮ್ಮ ಪೇಟೆಗಳನ್ನೆಲ್ಲ ಆಳುವುದು ಕಂಡು ಸಿಟ್ಟಾಗಿಯೇ ಶಾಂತಕವಿಗಳು ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿದ್ದು. ಆ ಸಿಟ್ಟಿನಿಂದ ನಮಗೆ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಸಿಕ್ಕರು ಅಂದರೆ ಅದು ಒಳ್ಳೆಯ ಸಿಟ್ಟೇ.

1921ರ ಜುಲೈ 8ರಂದು ಮುಂಬಯಿಯಲ್ಲಿ ಟಿಳಕ್ ಸ್ವರಾಜ್ಯ ನಿಧಿಗಾಗಿ ಭೋಸಲೆ, ಬಾಲಗಂಧರ್ವ ಇಬ್ಬರೂ ಕೂಡಿ ‘ಮಾನಾಪಮಾನ’ ಆಡಿದರು. ಎರಡು ಕಂಪನಿಯ ಅಭಿಮಾನಿಗಳು ಎದುರುಬದುರು ಕೂತ ಆ ರಾತ್ರಿಯನ್ನು ಮುತ್ಯಾ ಕಣ್ಣಾರೆ ಕಂಡವನಂತೆ ವರ್ಣಿಸುತ್ತಿದ್ದ. ಅವನು ಮುಂಬಯಿ ನೋಡಿಯೇ ಇರಲಿಲ್ಲ. ಮೂರೇ ತಿಂಗಳಿಗೆ ಭೋಸಲೆ ತೀರಿಕೊಂಡರು. ಅದೇ ಹೊತ್ತಿಗೆ ಗಂಧರ್ವ ಮಂಡಳಿಯ ಸಾಲ ಲಕ್ಷ ದಾಟಿತ್ತು. ಥೇಟರು ತುಂಬುತ್ತಿದ್ದರೂ ಸಾಲ! ಬಂದ ರೊಕ್ಕವೆಲ್ಲ ಮತ್ತೆ ಮಖಮಲ್ಲಿಗೆ, ಅತ್ತರಿಗೆ, ಪಂಕ್ತಿ ಊಟಕ್ಕೆ. ವರ್ಷಗಟ್ಟಲೆ ಆಡಿ ಹಾಡಿ ಅದನ್ನು ತೀರಿಸಿದರು, ತೀರಿದ ಮೇಲೆ ಹೊಸದು ಮಾಡಿಕೊಂಡರು. ಮಾತನಾಡುವ ಸಿನೆಮಾ ಬಂದಾಗ ಪ್ರಭಾತ್ ಕಂಪನಿಯ ‘ಧರ್ಮಾತ್ಮಾ’ದಲ್ಲಿ ಏಕನಾಥನಾದರು, 1935ರಲ್ಲಿ. ಅಲ್ಲಿ ವನ್ಸ್ ಮೋರ್ ಅನ್ನುವ ಜನರೇ ಇಲ್ಲ, ಕ್ಯಾಮೆರಾ ಮಾತ್ರ. ಅವರಿಗೆ ಒಗ್ಗಲಿಲ್ಲ.

ಅಭಿಮಾನಿಗಳು ಸಾಲ ಕ್ಷಮಿಸಿದರು, ಏರುವ ವಯಸ್ಸು, ದಪ್ಪವಾಗುವ ರುಕ್ಮಿಣಿಯನ್ನು ಕ್ಷಮಿಸಿದರು. ಗೋಹರಬಾಯಿಯನ್ನು ಕ್ಷಮಿಸಲಿಲ್ಲ. ಆಕೆ ನಮ್ಮ ಬಾಗಲಕೋಟೆ ಸೀಮೆಯ ಬೀಳಗಿಯವಳು, ಸಿನೆಮಾದಲ್ಲಿ ಹೆಸರಾದ ಅಮೀರಬಾಯಿ ಕರ್ನಾಟಕಿಯ ಅಕ್ಕ. ಬಾಲಗಂಧರ್ವರ ಗಾಯನವನ್ನು ಗ್ರಾಮೋಫೋನ್ ಪ್ಲೇಟಿನಿಂದಲೇ ಕಲಿತು, ಅವರ ಹಾಗೆಯೇ ಹಾಡುತ್ತಿದ್ದಳು. 1938ರ ಹೊತ್ತಿಗೆ ಕಂಪನಿ ಸೇರಿ, ಅವರು ಮಾಡುತ್ತಿದ್ದ ಹೆಣ್ಣು ಪಾತ್ರಗಳನ್ನು ತಾನು ವಹಿಸಿಕೊಂಡಳು. ಮುಂದೆ 1951ರಲ್ಲಿ ಅವರು ಮದುವೆಯಾದರು. ಕರ್ನಾಟಕದವಳು, ಮುಸಲ್ಮಾನಳು, ಮೇಲೆ ನಿಜವಾದ ಹೆಂಗಸು. ಮೂರೂ ತಪ್ಪು! ಹೆಣ್ಣಿನ ಪಾತ್ರವನ್ನು ಹೆಣ್ಣು ಮಾಡುವುದೇ ಅಪಚಾರವಾಗಿ ಕಂಡಿತೆಂದರೆ ಆ ಭಕ್ತಿ ಯಾವ ಮಟ್ಟದ್ದಿರಬೇಕು. ಗಂಧರ್ವರನ್ನು ಹಾಳು ಮಾಡಿದವಳೆಂದು ಬೈದರು. ಅವರ ಕಾಲು ಸೋತ ಮೇಲೆ ಸೇವೆ ಮಾಡಿದವಳು ಆಕೆಯೇ ಎಂಬುದನ್ನು ಬೈದವರು ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಲಗಂಧರ್ವರಿಗೆ ಪದ್ಮಭೂಷಣ ಬಂದ 1964ರಲ್ಲಿಯೇ ಗೋಹರ್ ತೀರಿಕೊಂಡಳು. 1967ರ ಜುಲೈನಲ್ಲಿ ಅವರೂ ಹೋದರು.

ನಮ್ಮ ಮುತ್ಯಾನೂ ಬೈದವರ ಸಾಲಿನವನೇ. ಗೋಹರ್ ಸೇರಿದ ಮೇಲೆ ಒಮ್ಮೆ ಸೊಲ್ಲಾಪುರದಲ್ಲಿ ಆಟ ನೋಡಿದ್ದನಂತೆ. ಥೇಟರಿಗೆ ಥೇಟರೇ ವನ್ಸ್ ಮೋರ್ ಕೂಗುವಾಗ ತಾನೊಬ್ಬನೇ ಕೈ ಕಟ್ಟಿಕೊಂಡು ಕೂತಿದ್ದೆನೆಂದು ಹೆಮ್ಮೆಯಿಂದ ಹೇಳುತ್ತಿದ್ದ. ಆಯಿ ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಳು: “ಕೈ ಕಟ್ಟಿಕೊಂಡ ಕೂತಿದ್ದಿ ಖರೆ. ಬಂದಮ್ಯಾಲ ಮಳಿಗಾಲ ಮುಗಿಯೂತನ ಆಕೀ ಪದಾನೇ ಅಂದಿ. ಗಿರಾಕಿ ಬಂದ್ರ ಸೀರಿ ರೇಟ್ ಸುದ್ದಾ ಹಾಡಿನಾಗೇ ಹೇಳ್ತಿದ್ದಿ.”