ಕಾಫಿ ಬೀಜ ಮತ್ತೆ ಮನೆಯಲ್ಲೇ ಹುರಿದಾಗ

ಮಹಾಲಕ್ಷ್ಮಿ ಲೇಔಟಿನ ಕಾಫಿಪುಡಿ ಅಂಗಡಿಗೆ ಹೋದ ಗಿರಾಕಿಗೆ ಮೊದಲು ಎದುರಾಗುವ ಪ್ರಶ್ನೆ ‘ಚಿಕೋರಿ ಎಷ್ಟು ಹಾಕಲಿ?’ ಎಂಬುದು. ‘ಎಂಬತ್ತು–ಇಪ್ಪತ್ತು ಮಾಡಿ’ ಎಂದೋ, ‘ಚಿಕೋರಿ ಬೇಡ, ಪ್ಯೂರ್ ಕೊಡಿ’ ಎಂದೋ ಉತ್ತರ ಬರುತ್ತದೆ. ಪೀಬೆರಿ ಎಷ್ಟು, ಪ್ಲಾಂಟೇಶನ್ ಎಷ್ಟು ಎಂಬುದೂ ಇತ್ಯರ್ಥವಾಗುತ್ತದೆ. ಪುಡಿ ಬೆಚ್ಚಗಿರುವಾಗಲೇ ಪೊಟ್ಟಣ ಕೈಸೇರುತ್ತದೆ. ಈ ಮಾತುಕತೆಯಲ್ಲಿ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ ಒಂದಿದೆ: ‘ಈ ಬೀಜ ಹುರಿದದ್ದು ಯಾವತ್ತು?’

ಎರಡು ಮೂರು ತಲೆಮಾರಿನ ಹಿಂದೆ ಹಳೆ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಹೀಗೆ ಕೇಳುವ ಅಗತ್ಯವೇ ಇರಲಿಲ್ಲ. ಬೀಜ ಹುರಿಯುತ್ತಿದ್ದುದು ಮನೆಯ ಒಲೆಯ ಮೇಲೆಯೇ. ಕಾಲಕ್ರಮದಲ್ಲಿ ಆ ಕೆಲಸ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಕಾರ್ಖಾನೆಗೆ ಹೋಯಿತು. ಈಗ ಬಿಸಿಗಾಳಿಯಲ್ಲಿ ಬೀಜ ಹುರಿಯುವ ಪುಟ್ಟ ವಿದ್ಯುತ್ ಯಂತ್ರದ ರೂಪದಲ್ಲಿ ಅದು ಕೆಲವು ಮನೆಗಳಿಗೆ ಹಿಂದಿರುಗಿದೆ. ಇದನ್ನು ಹೊಸ ಯಂತ್ರದ ಮಹಿಮೆ ಎಂದು ತಿಳಿಯುವವರೇ ಹೆಚ್ಚು. ಆದರೆ ಮನೆಯಲ್ಲಿ ಹುರಿಯುವ ಕೆಲಸಕ್ಕೆ ಕರ್ನಾಟಕದಲ್ಲಿ ಮತ್ತೆ ಅರ್ಥ ಬಂದದ್ದು ಒಂದು ಕಾಯಿದೆಯ ಹಿಡಿತ ಸಡಿಲಗೊಂಡ ಮೇಲೆ.

ಬಾಣಲೆ, ಉರುಳೆ, ಮೊರ

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರಗಿರಿಯಲ್ಲಿ ಬಿತ್ತಿದರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತಿರುವಂಥದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಯನ್ನರ ತೋಟಗಳು ಬೆಳೆದವು. ಬೆಳೆಯ ಬಹುಭಾಗ ಹಡಗೇರಿ ಹೊರದೇಶಕ್ಕೆ ಹೋಗುತ್ತಿತ್ತು. ಬೆಂಗಳೂರು, ಮೈಸೂರುಗಳಂಥ ಪಟ್ಟಣಗಳ ಮಧ್ಯಮ ವರ್ಗದ ಮನೆಗಳಲ್ಲಿ ಬೆಳಗಿನ ಕಾಫಿ ನಿತ್ಯದ ಪದ್ಧತಿಯಾಗಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಆಗ ಹಸಿ ಬೀಜವನ್ನು ತಂದು ಡಬ್ಬಿಯಲ್ಲಿ ತುಂಬಿಡುವುದು ವಾಡಿಕೆಯಾಗಿತ್ತು. ದಪ್ಪ ಕಬ್ಬಿಣದ ಬಾಣಲೆಯಲ್ಲಿ ಬಿಡದೆ ಕೈಯಾಡಿಸುತ್ತ ಹುರಿಯುವುದು ಒಂದು ಕ್ರಮ. ಅನುಕೂಲವಿದ್ದವರು ಹಿಡಿ ಇರುವ ಕಬ್ಬಿಣದ ಉರುಳೆಯೊಳಗೆ ಬೀಜ ತುಂಬಿ ಇದ್ದಿಲು ಒಲೆಯ ಮೇಲೆ ತಿರುಗಿಸುತ್ತಿದ್ದರು. ಹದಕ್ಕೆ ಬಂದ ಬೀಜವನ್ನು ತಕ್ಷಣ ಮೊರಕ್ಕೆ ಸುರಿದು, ಕೇರಿ ಹೊಟ್ಟು ಹಾರಿಸಿ ಆರಿಸುತ್ತಿದ್ದರು. ನಂತರ ಕೈಯಿಂದ ತಿರುಗಿಸುವ ಯಂತ್ರದಲ್ಲಿ ಅಂದಂದಿಗೆ ಬೇಕಾದಷ್ಟು ಪುಡಿ; ಹಿತ್ತಾಳೆಯ ಫಿಲ್ಟರಿನಲ್ಲಿ ಡಿಕಾಕ್ಷನ್.

ಈ ಶ್ರಮಕ್ಕೆ ಎರಡು ಕಾರಣಗಳಿದ್ದವು. ಒಂದು, ಹುರಿದ ಬೀಜದ ಪರಿಮಳ ಹೆಚ್ಚು ದಿನ ನಿಲ್ಲುವುದಿಲ್ಲ. ಪುಡಿಯ ಪರಿಮಳ ಇನ್ನೂ ಬೇಗ ಹೋಗುತ್ತದೆ. ಇನ್ನೊಂದು, ನಂಬಿಕೆ. ಪುಡಿಯಲ್ಲಿ ಹುರಿದ ಹುಣಿಸೆ ಬೀಜ ಸೇರಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಇಡೀ ಬೀಜ ಕಣ್ಣೆದುರಿಗಿದ್ದಾಗ ಆ ಅನುಮಾನವೇ ಇಲ್ಲ.

ಹೊರಗಿನ ಪ್ರಪಂಚದಲ್ಲೂ ನಡೆದದ್ದು ಇದೇ. ಇಥಿಯೋಪಿಯಾದ ಮನೆಗಳಲ್ಲಿ ಅತಿಥಿಗಳ ಎದುರಿಗೇ ಬೀಜ ಹುರಿದು ಅದರ ಹೊಗೆಯನ್ನು ಎಲ್ಲರಿಗೂ ಮೂಸಲು ಕೊಡುವ ಪದ್ಧತಿ ಇಂದಿಗೂ ಇದೆ. ನ್ಯೂಯಾರ್ಕಿನ ಜೇಬೆಝ್ ಬರ್ನ್ಸ್ 1864ರಲ್ಲಿ, ಒಲೆಯಿಂದ ಕೆಳಗಿಳಿಸದೆಯೇ ಬೀಜವನ್ನು ಹೊರಸುರಿಯುವ ದೊಡ್ಡ ಉರುಳೆ ಯಂತ್ರಕ್ಕೆ ಪೇಟೆಂಟ್ ಪಡೆದ. ಹುರಿಯುವುದು ಕಾರ್ಖಾನೆಯ ಕೆಲಸವಾಗಲು ಅದು ದಾರಿ ಮಾಡಿತು. ಬೆಂಗಳೂರಿನಲ್ಲಿ ಆ ಪಾತ್ರ ವಹಿಸಿದ್ದು ಬೀದಿ ಬೀದಿಯ ‘ಕಾಫಿ ವರ್ಕ್ಸ್’ಗಳು. ಗಿರಾಕಿ ಹೇಳಿದ ಪಾಕದಲ್ಲಿ ಹುರಿದು, ಪುಡಿ ಮಾಡಿ ಕೊಡುವ ಅಂಗಡಿ ಹತ್ತಿರವೇ ಇದ್ದಾಗ ಮನೆಯ ಉರುಳೆ ಅಟ್ಟ ಸೇರಿತು.

ಹೆಸರು ಕಳೆದುಕೊಂಡ ಬೀಜ

ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಎರಡನೆಯ ಮಹಾಯುದ್ಧ ಆರಂಭವಾದಾಗ ಯೂರೋಪಿನ ಮಾರುಕಟ್ಟೆ ಕೈತಪ್ಪಿ, ಮಲೆನಾಡು ಹಾಗೂ ಕೊಡಗಿನ ಕಾಫಿಗೆ ಕೊಳ್ಳುವವರು ಇಲ್ಲದಂತಾದರು. 1940ರಲ್ಲಿ ಸುಗ್ರೀವಾಜ್ಞೆಯ ಮೂಲಕ ಕಾಫಿ ಮಾರಾಟ ಸರ್ಕಾರದ ಹತೋಟಿಗೆ ಬಂತು. 1942ರಲ್ಲಿ ಅದು ಕಾಫಿ ಕಾಯಿದೆಯಾಯಿತು. ಬೆಳೆಗಾರರು ತಮ್ಮ ಬೆಳೆಯನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಮಂಡಳಿ ಅದನ್ನು ದರ್ಜೆಗಳಾಗಿ ವಿಂಗಡಿಸಿ ಹರಾಜು ಹಾಕಿ, ಬೆಳೆಗಾರರಿಗೆ ಕಂತುಗಳಲ್ಲಿ ಹಣ ಕೊಡುತ್ತಿತ್ತು.

ಸಂಕಟದ ಕಾಲದಲ್ಲಿ ಈ ವ್ಯವಸ್ಥೆ ತೋಟಗಳನ್ನು ಉಳಿಸಿತು ಎಂಬುದನ್ನು ಮರೆಯಬಾರದು. ಆದರೆ ಪೂಲ್‌ಗೆ ಸೇರಿದ ಬೀಜಕ್ಕೆ ಊರಿರಲಿಲ್ಲ, ತೋಟವಿರಲಿಲ್ಲ. ಪಟ್ಟಣದ ಗ್ರಾಹಕನಿಗೆ ಸಿಗುತ್ತಿದ್ದುದು ‘ಪೀಬೆರಿ’, ‘ಪ್ಲಾಂಟೇಶನ್ ಎ’ ಮುಂತಾದ ದರ್ಜೆಯ ಹೆಸರುಗಳು ಮಾತ್ರ. ಹಣ್ಣಿನಲ್ಲಿ ಎರಡರ ಬದಲು ಒಂದೇ ಗುಂಡನೆಯ ಬೀಜ ಬೆಳೆದರೆ ಅದು ಪೀಬೆರಿ. ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾ ಬೀಜ ಪ್ಲಾಂಟೇಶನ್. ಬಾಬಾ ಬುಡನ್‌ಗಿರಿಯ ಬೀಜವೂ ಕೊಡಗಿನ ಬೀಜವೂ ಒಂದೇ ಚೀಲದಲ್ಲಿ ಬೆರೆತಿರುವಾಗ, ಅದನ್ನು ಮನೆಯಲ್ಲಿ ಹುರಿದರೂ ಒಂದೇ, ಅಂಗಡಿಯಲ್ಲಿ ಹುರಿಸಿದರೂ ಒಂದೇ.

1990ರ ದಶಕದ ಆರಂಭದಲ್ಲಿ ಈ ಹಿಡಿತ ಹಂತ ಹಂತವಾಗಿ ಸಡಿಲಗೊಂಡಿತು. 1996ರಲ್ಲಿ ಪೂಲ್ ಪದ್ಧತಿ ಸಂಪೂರ್ಣ ಕೊನೆಗೊಂಡಿತು. ಬೆಳೆಗಾರ ತನ್ನ ಬೀಜವನ್ನು ತನಗೆ ಬೇಕಾದವರಿಗೆ ಮಾರಬಹುದಾಯಿತು. ಮುಕ್ತ ಮಾರುಕಟ್ಟೆಯ ಬಿಸಿಯೂ ತಟ್ಟದೆ ಇರಲಿಲ್ಲ. 2000ದ ನಂತರ ವಿಶ್ವದ ಬೆಲೆ ಕುಸಿದಾಗ ಸಣ್ಣ ಬೆಳೆಗಾರರು ತತ್ತರಿಸಿದರು. ಆದರೂ ತೋಟದ ಹೆಸರು ಹೊತ್ತ ಬೀಜ ಗ್ರಾಹಕನ ಕೈಗೆ ಬಂದದ್ದು ಈ ಬದಲಾವಣೆಯಿಂದಲೇ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾ ಬುಡನ್‌ಗಿರಿ ಅರೇಬಿಕಾ ಭೌಗೋಳಿಕ ಸೂಚಕದ ಮಾನ್ಯತೆ ಪಡೆದವು. ಸಕಲೇಶಪುರದ ನೆಂಟರ ತೋಟದಿಂದ ಬಂದ ಎರಡು ಕಿಲೋ ಹಸಿ ಬೀಜವನ್ನು ಹುರಿಯುವುದೆಲ್ಲಿ ಎಂಬ ಪ್ರಶ್ನೆ ಬೆಂಗಳೂರಿನ ಮನೆಗಳಲ್ಲಿ ಎದ್ದದ್ದು ಹೀಗೆ.

ಗಾಳಿಯೇ ಸೌಟು

ಅದಕ್ಕೆ ದೊರೆತ ಉತ್ತರಗಳಲ್ಲಿ ಒಂದು ಬಿಸಿಗಾಳಿಯ ಯಂತ್ರ, ಅಂದರೆ ಏರ್ ರೋಸ್ಟರ್. ಅಮೆರಿಕದ ರಸಾಯನ ಎಂಜಿನಿಯರ್ ಮೈಕೆಲ್ ಸಿವೆಟ್ಜ್ 1970ರ ದಶಕದಲ್ಲಿ, ಬೀಜವನ್ನು ಬಿಸಿಗಾಳಿಯ ಮೇಲೆ ತೇಲಿಸಿ ಹುರಿಯುವ ಯಂತ್ರವನ್ನು ರೂಪಿಸಿದರು. ಜೋಳ ಅರಳಿಸುವ ಬಿಸಿಗಾಳಿಯ ಯಂತ್ರದಲ್ಲೇ ಹವ್ಯಾಸಿಗಳು ಕಾಫಿ ಹುರಿದು ನೋಡಿದರು. ಮನೆಬಳಕೆಯ ಈಗಿನ ಪುಟ್ಟ ಯಂತ್ರಗಳು ಇದೇ ವಂಶದವು. ತಳದ ಫ್ಯಾನ್ ಗಾಳಿಯನ್ನು ಕಾದ ತಂತಿಯ ಸುರುಳಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಗಾಜಿನ ಪಾತ್ರೆಯಲ್ಲಿರುವ ಬೀಜ ಆ ರಭಸಕ್ಕೆ ಚಿಲುಮೆಯಂತೆ ಪುಟಿಯುತ್ತದೆ. ಹಗುರವಾದ ಹೊಟ್ಟು ಹಾರಿ ಮೇಲಿನ ಜರಡಿಯಲ್ಲಿ ಸೇರುತ್ತದೆ. ಬಾಣಲೆ, ಸೌಟು, ಮೊರ ಮೂರರ ಕೆಲಸವನ್ನೂ ಗಾಳಿಯೇ ಮಾಡುತ್ತದೆ.

ಹುರಿಯುವಾಗ ಬೀಜದೊಳಗೆ ಆಗುವುದು ಮಾತ್ರ ಅಂದಿನದೇ. ಹಸಿ ಬೀಜದಲ್ಲಿ ಶೇಕಡ 10ರಿಂದ 12ರಷ್ಟು ತೇವವಿರುತ್ತದೆ. ಮೊದಲು ಆ ತೇವ ಆರಿ, ಹಸಿರು ಬಣ್ಣ ಹಳದಿಗೆ, ನಂತರ ಕಂದಿಗೆ ತಿರುಗುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಆವಿಯ ಒತ್ತಡಕ್ಕೆ ಬೀಜ ಜೋಳ ಅರಳಿದಂತೆ ಸದ್ದು ಮಾಡಿ ಬಿರಿಯುತ್ತದೆ. ಇದು ಮೊದಲ ಸಿಡಿತ. ಸುಮಾರು 225 ಡಿಗ್ರಿಯಲ್ಲಿ ಒಗ್ಗರಣೆಯ ಸಾಸಿವೆಯಂಥ ಸಣ್ಣ ಸದ್ದಿನ ಎರಡನೆಯ ಸಿಡಿತ. ಹಾಲು ಬೆರೆಸುವ ಫಿಲ್ಟರ್ ಕಾಫಿಗೆ ಮೊದಲ ಸಿಡಿತ ಮುಗಿದ ಮೇಲೆ, ಎರಡನೆಯದು ಶುರುವಾಗುವ ಹೊತ್ತಿಗೆ ನಿಲ್ಲಿಸುವುದು ಸಾಮಾನ್ಯವಾಗಿ ಹಿಡಿಸುವ ಪಾಕ. ಇನ್ನೂ ಮುಂದೆ ಹೋದರೆ ಎಣ್ಣೆ ಹೊರಬಂದು, ತೋಟದ ಗುಣ ಸುಟ್ಟ ಕಹಿಯಲ್ಲಿ ಮುಚ್ಚಿಹೋಗುತ್ತದೆ.

ಕೊಳ್ಳುವ ಮುನ್ನ

ಮೊದಲು ನೋಡಬೇಕಾದದ್ದು ಲೆಕ್ಕ. ಪುಟ್ಟ ಯಂತ್ರಗಳು ಒಂದು ಸಲಕ್ಕೆ ಹಿಡಿಯುವುದು ಸುಮಾರು 110 ಗ್ರಾಂ ಹಸಿ ಬೀಜ. ಹುರಿದ ಮೇಲೆ ತೂಕ ಶೇಕಡ 15ರಷ್ಟು ಇಳಿಯುತ್ತದೆ. ನಾಲ್ವರಿರುವ ಮನೆಯಲ್ಲಿ ತಲಾ ಎರಡು ಲೋಟ ಕಾಫಿಗೆ, ಲೋಟಕ್ಕೆ 10 ಗ್ರಾಂ ಪುಡಿಯಂತೆ, ದಿನಕ್ಕೆ 80 ಗ್ರಾಂ ಬೇಕು. ಅಂದರೆ ವಾರಕ್ಕೆ ಆರು ಸಲ ಹುರಿಯಬೇಕು. ಪ್ರತಿ ಸಲಕ್ಕೆ ಹತ್ತು ನಿಮಿಷ, ನಡುವೆ ಯಂತ್ರ ತಣಿಯಲು ಬಿಡುವು ಎಂದರೂ ಭಾನುವಾರದ ಎರಡು ಗಂಟೆ ಅದಕ್ಕೇ ಮೀಸಲು. ಅಷ್ಟು ವ್ಯವಧಾನವಿಲ್ಲದವರು ದೊಡ್ಡ ಪಾತ್ರೆಯ ಯಂತ್ರವನ್ನು ನೋಡುವುದು ಮೇಲು.

ಎರಡನೆಯದು ವಿದ್ಯುತ್. ಅಮೆರಿಕದಲ್ಲಿರುವ ಮಕ್ಕಳು ತಂದುಕೊಡುವ ಯಂತ್ರ 120 ವೋಲ್ಟ್‌ನದು. ಅದನ್ನು ನಮ್ಮ 230 ವೋಲ್ಟ್‌ಗೆ ನೇರವಾಗಿ ಸಿಕ್ಕಿಸಿದರೆ ಸುರುಳಿಯಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಹುಟ್ಟಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. 1,500 ವ್ಯಾಟ್ ಎಳೆಯುವ ಯಂತ್ರಕ್ಕೆ 2,000 ವ್ಯಾಟ್ ತಾಳುವ ಭಾರದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆದ್ದರಿಂದ 230 ವೋಲ್ಟ್‌ನ ಯಂತ್ರವನ್ನೇ ಕೊಳ್ಳುವುದು ಲೇಸು. ಅದನ್ನೂ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸದೆ, ಗೀಸರ್‌ಗೆ ಬಳಸುವಂಥ 16 ಆಂಪ್ ಪಾಯಿಂಟಿಗೆ ಹಾಕಬೇಕು. ವೋಲ್ಟೇಜ್ ಶೇಕಡ 10 ಇಳಿದರೆ ಶಾಖ ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ. ನಿನ್ನೆ ಎಂಟು ನಿಮಿಷಕ್ಕೆ ಬಂದ ಪಾಕ ಇಂದು ಹತ್ತಾದರೂ ಬಾರದಿರಲು ಇದು ಕಾರಣ. ಹಾಗಾಗಿ ಗಡಿಯಾರಕ್ಕಿಂತ ಕಿವಿ ಮೂಗುಗಳನ್ನು ನಂಬುವುದು ಕ್ಷೇಮ.

ಶಾಖ ಮತ್ತು ಗಾಳಿಯನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡಲು ಬರುವ ಯಂತ್ರ ಉತ್ತಮ. ಹಸಿ ಬೀಜ ಭಾರವಾಗಿರುವುದರಿಂದ ಮೊದಲು ಗಾಳಿ ಜೋರಾಗಿರಬೇಕು. ಬೀಜ ಹಗುರಾದಂತೆ ತಗ್ಗಿಸಬಹುದು. ಶಾಖ ನಿಂತ ಮೇಲೂ ಫ್ಯಾನ್ ಓಡಿ ಬೀಜವನ್ನು ತಣಿಸುವ ಸೌಲಭ್ಯ ಇರಲೇಬೇಕು. ಗಾಜಿನ ಪಾತ್ರೆ ಒಡೆದರೆ ಬೇರೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಹೊಗೆ ಖಂಡಿತ ಬರುತ್ತದೆ. ಕಿಟಕಿಯ ಪಕ್ಕ ಅಥವಾ ಬಾಲ್ಕನಿಯೇ ಅದಕ್ಕೆ ಸರಿಯಾದ ಜಾಗ.

ಹೊಟ್ಟಿನ ಕಾಟ

ಇಂಥ ಯಂತ್ರಗಳು ಕೆಡಲು ಹೊಟ್ಟು ದೊಡ್ಡ ಕಾರಣ. ಮೇಲಿನ ಜರಡಿಯಲ್ಲಿ ಅದು ಕಟ್ಟಿಕೊಂಡರೆ ಗಾಳಿಗೆ ದಾರಿಯಿಲ್ಲದೆ ಸುರುಳಿ ಮಿತಿಮೀರಿ ಕಾಯುತ್ತದೆ. ರಕ್ಷಣೆಗೆಂದು ಇಟ್ಟಿರುವ ಫ್ಯೂಸ್ ಹಾರಿಹೋಗುತ್ತದೆ. ಒಣ ಹೊಟ್ಟಿಗೆ ಬೆಂಕಿ ಹತ್ತುವ ಅಪಾಯವೂ ಇದೆ. ಆದ್ದರಿಂದ ಪ್ರತಿ ಸಲವೂ, ಯಂತ್ರ ತಣಿದ ಮೇಲೆ, ಹೊಟ್ಟನ್ನು ತೆಗೆದು ಮೃದುವಾದ ಬ್ರಷ್ಷಿನಿಂದ ಜರಡಿಯನ್ನು ಉಜ್ಜಬೇಕು. ಗಾಜಿನ ಪಾತ್ರೆಗೆ ಅಂಟಿದ ಎಣ್ಣೆಯ ಪೊರೆಯನ್ನು ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಮತ್ತೆ ಬಳಸಬೇಕು. ತಳಭಾಗಕ್ಕೆ ನೀರು ಸೋಕಬಾರದು. ಅಳತೆ ಮೀರಿ ಬೀಜ ತುಂಬಿದರೆ ಅದು ಏಳದೆ ತಳದಲ್ಲೇ ಕರಕಲಾಗುತ್ತದೆ. ಹುರಿಯುವಾಗ ಯಂತ್ರವನ್ನು ಬಿಟ್ಟು ಫೋನ್ ಎತ್ತಿಕೊಳ್ಳಲು ಹೋಗುವಂತಿಲ್ಲ. ಕರೆಂಟು ಹೋದರೆ ಬಿಸಿ ಬೀಜವನ್ನು ಹೊರಸುರಿಯಲು ಪಕ್ಕದಲ್ಲೊಂದು ಅಗಲ ತಟ್ಟೆ, ಪಾತ್ರೆ ಹಿಡಿಯಲು ದಪ್ಪ ಬಟ್ಟೆ ಇರಬೇಕು.

ಹುರಿದ ಬೀಜದಿಂದ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ಅದಕ್ಕೇ ಹುರಿದ ದಿನವೇ ಡಿಕಾಕ್ಷನ್ ಇಳಿಸಿದರೆ ರುಚಿ ಒರಟಾಗಿರುತ್ತದೆ. ಒಂದೆರಡು ದಿನ, ಮುಚ್ಚಳ ತುಸು ಸಡಿಲವಿರುವ ಡಬ್ಬಿಯಲ್ಲಿಟ್ಟು ಪುಡಿ ಮಾಡಿದರೆ ಹದ ಕೂಡಿಬರುತ್ತದೆ. ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬಯಸುವವರಿಗಾಗಿ ಕಾಫಿ ಮಂಡಳಿ ಬೆಂಗಳೂರಿನಲ್ಲಿ ‘ಕಾಪಿ ಶಾಸ್ತ್ರ’ ಎಂಬ ತರಬೇತಿಯನ್ನು ನಡೆಸುತ್ತ ಬಂದಿದೆ. ಒಂದು ಕಾಲದಲ್ಲಿ ಬೀಜವನ್ನೆಲ್ಲ ಒಂದೇ ಕಡೆ ಕೂಡಿಸುತ್ತಿದ್ದ ಸಂಸ್ಥೆಯೇ ಈಗ ಅದನ್ನು ಬಿಡಿಬಿಡಿಯಾಗಿ ಹುರಿಯುವುದನ್ನು ಕಲಿಸುತ್ತಿದೆ.

ಎಲ್ಲ ಮನೆಗೂ ಈ ಯಂತ್ರ ಬೇಕೆಂದಿಲ್ಲ. ವಾರಕ್ಕೆ ಎರಡು ಗಂಟೆ ಹೊಗೆ, ಹೊಟ್ಟು, ಬ್ರಷ್ಷುಗಳೊಂದಿಗೆ ಕಳೆಯುವ ತಾಳ್ಮೆ ಇಲ್ಲದವರಿಗೆ ಬೀದಿಯ ಅಂಗಡಿ ಇದ್ದೇ ಇದೆ. ಆದರೆ ಒಮ್ಮೆಯಾದರೂ ತಾವೇ ಬೀಜ ಹುರಿದು ನೋಡಿದವರು, ಆಮೇಲೆ ಅಂಗಡಿಗೆ ಹೋದಾಗ ಚಿಕೋರಿಯ ಪ್ರಮಾಣ ಹೇಳುವುದಕ್ಕೆ ಮೊದಲು ಇನ್ನೊಂದು ಮಾತು ಕೇಳುತ್ತಾರೆ. ಇದು ಯಾವ ತೋಟದ್ದು, ಹುರಿದದ್ದು ಯಾವತ್ತು? ಅಜ್ಜಿಯ ಕಾಲದಲ್ಲಿ ಅಡುಗೆಮನೆಗೇ ಗೊತ್ತಿದ್ದ ಸಂಗತಿಯನ್ನು ಗಿರಾಕಿ ಈಗ ಅಂಗಡಿಯವರನ್ನು ಕೇಳಿ ತಿಳಿಯಬೇಕು. ಕೇಳುವವರು ಹೆಚ್ಚಿದಷ್ಟೂ, ಉತ್ತರ ಹೇಳಬಲ್ಲ ಅಂಗಡಿಗಳೂ ಹೆಚ್ಚಾಗುತ್ತವೆ.